ಹೊರಗಿನ ಖೋಲಿಯ ಊಟ

ಭಾನುವಾರದ ಊಟ ಮುಗಿಸಿ ನಾವು ಬೋರ್ಡಿಂಗಿನ ಹುಡುಗರೆಲ್ಲ ಪಡಸಾಲೆಯಲ್ಲಿ ಚಾಪೆ ಹಾಸಿ ಅಡ್ಡಾಗಿ ಒಂದು ತಾಸಾಗಿತ್ತು. ಅಂಗಳದಾಚೆ, ಹೊರಗಿನ ಖೋಲಿಯಲ್ಲಿ, ಬೋರ್ಡಿಂಗ್ ನೋಡಿಕೊಳ್ಳುವ ರೆಕ್ಟರ್ ಸಾಹೇಬರು ಯಾರನ್ನೋ ಗದರಿಸುತ್ತಿದ್ದರು. ಅಷ್ಟರಲ್ಲಿ ಮಾಳಿಗೆಯ ಮೇಲಿಂದ ನಗುವೋ ಅಳುವೋ ತಿಳಿಯದ ಸದ್ದು ಬಂತು. ಓಡಿಬಂದು ತಲೆಯೆತ್ತಿದರೆ, ತಿಳವಳ್ಳಿ ಗೌಡರ ಮಗ ಗುದ್ಲೆಪ್ಪ ಮಾಳಿಗೆಯ ಅಂಚಿನಲ್ಲಿ ನಿಂತು ಗಾಳಿಯಲ್ಲಿ ಕಾಣದ ಎಳೆಗಳನ್ನು ಹೆಕ್ಕುತ್ತಿದ್ದ.

"ಚೌಡ್ಯಾ, ಬಾರೋ! ಚೌಡ್ಯಾ!" ಎಂದು ಕೂಗಿದ.

"ಹಿಂದಕ್ಕ ಸರಿಯೋ!" ಎಂದು ನಾವು ಒದರುವುದರೊಳಗೆ ಬಿದ್ದುಬಿಟ್ಟ.

ಇದು ನಡೆದದ್ದು ೧೯೬೪ರಲ್ಲಿ, ಶಿಗ್ಗಾಂವದಲ್ಲಿ. ಹಾನಗಲ್ಲು, ಹಿರೇಕೆರೂರು, ಸವಣೂರು ಕಡೆಯ ಹುಡುಗರು ಕಾಲೇಜು ಓದಲು ಅಲ್ಲಿಗೆ ಬಂದು ಒಂದು ಹಳೆಯ ವಾಡೆಯಲ್ಲಿ ಒಟ್ಟಿಗೆ ಇರುತ್ತಿದ್ದೆವು. ಅದಕ್ಕೆ ಬೋರ್ಡಿಂಗ್ ಎಂದು ಹೆಸರು. ಹಿರೇಕೆರೂರಿನವನಾದ ನನಗೆ ಖೋಲಿಯ ಜೊತೆಗಾರ ಉಳಿವೆಪ್ಪ. ಹಾನಗಲ್ಲಿನ ಒಬ್ಬ ಡಾಕ್ಟರರ ಹತ್ತಿರ ಕೆಲವು ವರ್ಷ ಕಂಪೌಂಡರ್ ಕೆಲಸ ಮಾಡಿ, ತಡವಾಗಿ ಕಾಲೇಜು ಸೇರಿದವನು. ನಮಗಿಂತ ದೊಡ್ಡವನಾದ್ದರಿಂದ ಎಲ್ಲರೂ "ಅಣ್ಣಾರ" ಎನ್ನುತ್ತಿದ್ದರು. ಕಳೆದ ಕೈಗಡಿಯಾರ, ಗೋಡೆಯ ಮೇಲಿನ ಹೊಲಸು ಬರಹ, ಯಾರು ಯಾರ ಸೈಕಲ್ಲಿನ ಗಾಳಿ ಬಿಟ್ಟರು ಎಂಬ ಜಗಳ, ಎಲ್ಲವೂ ಅವನ ಮುಂದೆ ಬರುತ್ತಿದ್ದವು. ಎಲ್ಲರನ್ನೂ ಕೂಡಿಸಿ, ಒಂದೊಂದೇ ಗಂಟು ಬಿಡಿಸಿ ತೋರಿಸುವುದೆಂದರೆ ಅವನಿಗೆ ಬಲು ಇಷ್ಟ. ನನಗೂ ಅದನ್ನು ನೋಡುವುದು ಇಷ್ಟವಾಗಿತ್ತು.

ಗುದ್ಲೆಪ್ಪನನ್ನು ಒಳಗೆ ಹೊತ್ತು ತಂದು ಮಲಗಿಸಿದೆವು. ತೊಡೆಯ ಮೂಳೆ ಮುರಿದಿತ್ತು. ಆದರೂ ಅವನಿಗೆ ನೋವಿನ ಪರಿವೆ ಇರಲಿಲ್ಲ. ಸತ್ತುಹೋದ ತಾಯಿಯೊಡನೆ ಏನೇನೋ ಮಾತಾಡುತ್ತಿದ್ದ. ಅವನ ಕಾಕಾನ ಮಗ ಮೈಲಾರಲಿಂಗಪ್ಪ, ಅವನ ಖೋಲಿಯಲ್ಲೇ ಇರುವವನು, ಹಾಸಿಗೆಯ ಪಕ್ಕದಲ್ಲಿ ಕುಸಿದು ಕುಳಿತು ಬಿಕ್ಕುತ್ತಿದ್ದ. ಬಲಗಣ್ಣಿಗೆ ಒದ್ದೆ ವಸ್ತ್ರ ಒತ್ತಿಕೊಂಡಿದ್ದ. ಏನಾಗಿದೆ ಎಂದು ಕೇಳಿದರೆ, "ನಿನ್ನೆ ಕಾಳಿನ ಪ್ಯಾಟ್ಯಾಗ ಕಸ ಹೊಕ್ಕೈತಿ" ಎಂದ.

ಉಳಿವೆಪ್ಪ ಗುದ್ಲೆಪ್ಪನ ರೆಪ್ಪೆ ಎತ್ತಿ ನೋಡಿದ. ಎರಡೂ ಕಣ್ಣಿನ ಪಾಪೆಗಳು ಅಗಲವಾಗಿ ಹಿಗ್ಗಿದ್ದವು. ಮೈ ಕಾದ ಹಂಚಿನಂತೆ ಸುಡುತ್ತಿತ್ತು, ನಾಲಿಗೆ ಒಣಗಿ ಅಂಟಿಕೊಂಡಿತ್ತು. ಆಮೇಲೆ ಅವನ ಬಲಗೈ ಹಿಡಿದು ಬೆರಳುಗಳ ತುದಿಯನ್ನು ಬಹಳ ಹೊತ್ತು ನೋಡಿದ.

"ಯಲ್ಲಪ್ಪ, ಇದು ಹುಚ್ಚಲ್ಲ, ಕುಡಿದದ್ದೂ ಅಲ್ಲ. ಮದಗುಣಿಕಿ, ದತ್ತೂರಿ ಬೀಜ. ಯಾರೋ ತಿನಿಸ್ಯಾರ" ಎಂದು ನನ್ನ ಕಡೆ ತಿರುಗಿ ಹೇಳಿದ.

ಸರಕಾರಿ ದವಾಖಾನೆಯ ಡಾಕ್ಟರರು ಬಂದು ಕಾಲಿಗೆ ಪಟ್ಟಿ ಕಟ್ಟಿದರು, ಹೊಟ್ಟೆ ತೊಳೆದರು, ಉಳಿವೆಪ್ಪನ ಮಾತು ನಿಜ ಎಂದರು. ಜೀವಕ್ಕೆ ಅಪಾಯವಿಲ್ಲ, ಆದರೆ ಕಾಲು ಮೊದಲಿನಂತಾಗುವುದು ಅನುಮಾನ.

ಮಾತು ಹೊರಬಿದ್ದದ್ದೇ ತಡ, ಎಲ್ಲರ ಬೆರಳೂ ಹೊರಗಿನ ಖೋಲಿಯ ಕಡೆ ತಿರುಗಿತು.

ಆ ಖೋಲಿಯಲ್ಲಿ ಇದ್ದವನು ಚೌಡಪ್ಪ ಒಬ್ಬನೇ. ರಟ್ಟೀಹಳ್ಳಿಯ ಕೇರಿಯ ಹುಡುಗ. ಓದಿನಲ್ಲಿ ನಮ್ಮೆಲ್ಲರಿಗಿಂತ ಮುಂದು. ಅವನು ಉಣ್ಣುವ ಗಂಗಾಳ ಬೇರೆ, ನೀರಿನ ಹೂಜಿ ಬೇರೆ. ಅಡಿಗೆಯ ಗುತ್ತೆವ್ವ ಅಲ್ಲಿಗೇ ಊಟ ಒಯ್ದು ಕೊಡುತ್ತಿದ್ದಳು. ಬರುವ ತಿಂಗಳಿಂದ ಎಲ್ಲರೂ ಒಂದೇ ಪಂಕ್ತಿಯಲ್ಲಿ ಉಣ್ಣಬೇಕೆಂದು ಬೋರ್ಡಿಂಗಿನ ಕಮಿಟಿ ಆಗಷ್ಟೇ ಠರಾವು ಮಾಡಿತ್ತು. ಅದರ ಮೇಲೆ ವಾಡೆಯಲ್ಲಿ ಗುಸುಗುಸು ನಡೆದೇ ಇತ್ತು.

"ಬೀಳೂ ಮುಂದ ಅವನ ಹೆಸರನ್ನ ಕೂಗಿದ್ನಲ್ಲ! ಇನ್ನೇನು ಸಾಕ್ಷಿ ಬೇಕು?" ಎಂದ ಮೈಲಾರಲಿಂಗಪ್ಪ.

ರೆಕ್ಟರರೂ ತಲೆಯಾಡಿಸಿದರು. ಆಗ ನಮ್ಮ ಭಾಗದಲ್ಲಿ ದಾರೂಬಂದಿ ಇತ್ತು. ಕುಡಿದವನು ಸಿಕ್ಕರೆ ಅದೇ ದಿನ ಬೋರ್ಡಿಂಗಿನಿಂದ ಹೊರಗೆ. "ಗುದ್ಲೆಪ್ಪ ಬೀಳೂಕಿಂತ ಸ್ವಲ್ಪ ಮೊದಲ ಮೈಲಾರಲಿಂಗಪ್ಪ ಬಂದು, ಹೊರಗಿನ ಖೋಲ್ಯಾಗ ಯಾರೋ ಕುಡಿದು ಬಿದ್ದಾರ, ಬಂದು ನೋಡ್ರಿ ಅಂದ. ಹೋದೆ. ಕಿಡಕಿ ಹಿಂದ ಖಾಲಿ ಬಾಟ್ಲಿ ಸಿಕ್ತು. ಈ ಚೌಡಪ್ಪ ಮಾತ್ರ ಏನೂ ಗೊತ್ತಿಲ್ಲದವರಂಗ ಓದಕೋಂತ ಕುಂತಿದ್ದ" ಎಂದರು.

ಉಳಿವೆಪ್ಪ ನನ್ನನ್ನು ಕರೆದುಕೊಂಡು ಹೊರಗಿನ ಖೋಲಿಗೆ ಹೋದ. ಚೌಡಪ್ಪ ಗೋಡೆಗೆ ಒರಗಿ ನಿಂತಿದ್ದ. ಕೆಳದುಟಿಯ ಒಳಗೆ ಹುಣ್ಣಾಗಿ ಮಾತು ತೊದಲುತ್ತಿತ್ತು.

"ಗುದ್ಲೆಪ್ಪ ಹೆಂಗದಾನ್ರಿ ಅಣ್ಣಾರ?" ಎಂದು ಅವನೇ ಮೊದಲು ಕೇಳಿದ.

"ಉಳೀತಾನ. ಇವತ್ತ ನಿನ್ನ ಖೋಲಿಗೆ ಯಾರರ ಬಂದಿದ್ರೇನು?"

ಅವನು ನೆಲ ನೋಡಿದ. "ಅದನ್ನ ಕೇಳಬ್ಯಾಡ್ರಿ."

"ನಿನ್ನ ಮ್ಯಾಲೆ ಅಪವಾದ ಬಂದೈತಿ. ಪೊಲೀಸರು ಬಂದ್ರ ಏನ ಮಾಡ್ತಿ?"

"ಬರ್ಲಿ ಬಿಡ್ರಿ."

ಗೋಡೆಯ ಗೂಡಿನಲ್ಲಿ ಒಂದು ಭರಣಿ ಇತ್ತು. ಅವನ ತಾಯಿ ಊರಿಂದ ಕಳಿಸಿದ ಗುರೆಳ್ಳು ಚಟ್ನಿ. ಉಳಿವೆಪ್ಪ ಸ್ವಲ್ಪ ಪುಡಿಯನ್ನು ಅಂಗೈಗೆ ಹಾಕಿಕೊಂಡು ಬಿಸಿಲಿಗೆ ಹಿಡಿದ. ನುಣುಪಾದ ಕಪ್ಪು ಪುಡಿಯ ನಡುವೆ ಕಂದು ಬಣ್ಣದ ಚಪ್ಪಟೆ ಬೀಜದ ಚೂರುಗಳಿದ್ದವು. ನನಗವು ಮೆಣಸಿನಕಾಯಿಯ ಬೀಜದಂತೆಯೇ ಕಂಡವು.

"ನಿಮ್ಮವ್ವ ಹಿಂಗ ಒರಟಾಗಿ ಕುಟ್ಟತಾಳೇನು?"

"ಇಲ್ರಿ. ನುಣ್ಣಗ ಕುಟ್ಟಿ ಸಾಣಿಸಿ ಕಳಸ್ತಾಳ" ಎಂದ ಚೌಡಪ್ಪ. ಆಮೇಲೆ ಭರಣಿಯನ್ನೇ ದಿಟ್ಟಿಸಿದ. ಅವನ ಮುಖದ ಬಣ್ಣ ಹೋಯಿತು.

ಅಡಿಗೆಮನೆಯಲ್ಲಿ ಗುತ್ತೆವ್ವ ಸೆರಗಿನಿಂದ ಕಣ್ಣೊರೆಸುತ್ತ ಕುಳಿತಿದ್ದಳು. ತನ್ನ ಮೇಲೇ ಬಂದೀತೆಂಬ ಹೆದರಿಕೆ ಅವಳಿಗೆ.

"ಇವತ್ತ ಏನೇನ ಮಾಡಿದ್ದಿ ಬೇ?"

"ಹೋಳಿಗಿ, ಕಟ್ಟಿನ ಸಾರು, ಅನ್ನ. ಜ್ವಾಳದ ರೊಟ್ಟಿ. ಎಲ್ಲಾರೂ ಉಂಡಾರಲ್ರಿ, ಅವಗೊಬ್ಬಗ ಯಾಕ ಹಿಂಗಾಗತೈತಿ?"

"ಗುರೆಳ್ಳು ಚಟ್ನಿ?"

"ಹೋಳಿಗಿ ದಿನ ಚಟ್ನಿ ಯಾಕ್ರಿ? ನಮ್ಮ ಅಡಗಿಮನ್ಯಾಗ ಗುರೆಳ್ಳು ಇಲ್ಲ."

"ಚೌಡಪ್ಪ ಏನ ಉಂಡ?"

"ಬಾಯಿ ಹುಣ್ಣಾಗೈತಿ ಅಂದ. ಬರೇ ಮಜ್ಜಿಗಿ ಅನ್ನ ಉಂಡ. ನಾ ರೂಢಿಯಂಗ ರೊಟ್ಟಿ ಇಟ್ಟು ಬಂದಿದ್ದೆ. ಆಮ್ಯಾಲೆ ನೋಡಿದ್ರ ರೊಟ್ಟೀನೂ ಖಾಲಿ. ಅಂಥಾ ಬಾಯಾಗ ಹೆಂಗ ಅಗದ್ನೋ!"

ಉಳಿವೆಪ್ಪ ನನ್ನತ್ತ ನೋಡಿ ಸಣ್ಣಗೆ ನಕ್ಕ. ಅವನಿಗೆ ಗಂಟು ಬಿಚ್ಚಿತ್ತು. ಅಂದೇ ತಿಳವಳ್ಳಿಗೆ ಹೇಳಿಕಳಿಸಿದರು. ಗೌಡರು ಬಂದ ಮೇಲೆ ಎಲ್ಲರ ಎದುರಿಗೇ ಹೇಳುತ್ತೇನೆ, ಅಲ್ಲಿಯವರೆಗೆ ಪೊಲೀಸರನ್ನು ಕರೆಯಬೇಡಿರಿ ಎಂದು ಉಳಿವೆಪ್ಪ ರೆಕ್ಟರರನ್ನು ಒಪ್ಪಿಸಿದ.

ಮರುದಿನ ಬೆಳಿಗ್ಗೆ ಪಡಸಾಲೆ ತುಂಬಿತ್ತು. ಗೌಡರು ಕುರ್ಚಿಯಲ್ಲಿ, ರೆಕ್ಟರರು ಪಕ್ಕದಲ್ಲಿ, ಹುಡುಗರು ಗೋಡೆಗುಂಟ. ಗುದ್ಲೆಪ್ಪನಿಗೆ ಬುದ್ಧಿ ನೆಟ್ಟಗಾಗಿತ್ತು. ಕಾಲಿಗೆ ಪಟ್ಟಿ ಕಟ್ಟಿಕೊಂಡು ಮಂಚದ ಮೇಲೆ ಮಲಗಿದ್ದ. ಹಿಂದಿನ ಮಧ್ಯಾಹ್ನದ್ದು ಏನೂ ನೆನಪಿಲ್ಲ ಎನ್ನುತ್ತಿದ್ದ. ಚೌಡಪ್ಪ ಹೊಸ್ತಿಲ ಹೊರಗೆ ನಿಂತಿದ್ದ. ಯಾರೂ ಒಳಗೆ ಕರೆಯಲಿಲ್ಲ.

"ಗೌಡ್ರ, ನಿಮ್ಮ ಮಗನ ಬಲಗೈ ಬೆರಳಿನ ತುದಿ ನಿನ್ನೆ ಎಣ್ಣಿ ಹತ್ತಿ ಕಪ್ಪಾಗಿತ್ತು. ಉಗುರಿನ ಸಂದ್ಯಾಗ ಗುರೆಳ್ಳಿನ ಪುಡಿ ಇತ್ತು" ಎಂದು ಉಳಿವೆಪ್ಪ ಆರಂಭಿಸಿದ. "ಪಂಕ್ತ್ಯಾಗ ನಿನ್ನೆ ಗುರೆಳ್ಳು ಚಟ್ನಿ ಇರಲಿಲ್ಲ. ಇಡೀ ವಾಡೇದಾಗ ಅದು ಇದ್ದದ್ದು ಹೊರಗಿನ ಖೋಲ್ಯಾಗಿನ ಭರಣ್ಯಾಗ. ಬಾಯಿ ಹುಣ್ಣಾದ ಚೌಡಪ್ಪ ಖಾರ ಮುಟ್ಟಿಲ್ಲ. ಆದ್ರ ಅವನ ಗಂಗಾಳದಾಗಿನ ರೊಟ್ಟಿ ಖಾಲಿ ಆಗ್ಯಾವು. ಅಂದ್ರ ಬ್ಯಾರೆ ಯಾರೋ ಅಲ್ಲಿ ಕುಂತು ರೊಟ್ಟಿ ಚಟ್ನಿ ಉಂಡಾರ. ಭರಣ್ಯಾಗ ಮದಗುಣಿಕಿ ಬೀಜ ಕುಟ್ಟಿ ಬೆರಸಿದ್ರು."

"ಹಂಗಾರ ಬೆರಸಿದಂವ ಇವನ" ಎಂದು ಗೌಡರು ಹೊಸ್ತಿಲ ಕಡೆ ಕೈ ತೋರಿಸಿದರು.

"ತನ್ನ ಭರಣಿಗೆ ತಾನ ವಿಷ ಹಾಕಿದಂವ, ಉಳಿದ ಚಟ್ನಿ ಚೆಲ್ಲದನ ಗೂಡಿನ್ಯಾಗ ಇಟ್ಕೊಂಡು ಕುಂದರತಾನೇನ್ರಿ? ಮತ್ತ ನಿಮ್ಮ ಮಗ ಅವನ ಹೆಸರು ಕೂಗಿದ್ದು ಹೆದರಿ ಅಲ್ಲ. 'ಬಾರೋ' ಅಂತ ಕರದ. ವಿಷ ಇಟ್ಟದ್ದು ಗುದ್ಲೆಪ್ಪಗ ಅಲ್ರಿ, ಚೌಡಪ್ಪಗ. ಮದಗುಣಿಕಿ ತಿಂದಂವ ತೊದಲತಾನ, ಜೋಲಿ ಹೊಡೀತಾನ, ನೋಡಿದವರು ಕುಡದಾನ ಅಂತಾರ. ಅದಕ್ಕಂತನ ಕಿಡಕಿ ಹಿಂದ ಬಾಟ್ಲಿನೂ ಇಟ್ಟಿದ್ರು. ಒಂದೇ ಪಂಕ್ತಿಯ ಊಟ ಶುರುವಾಗೂದರೊಳಗ ಅವನನ್ನ ಹೊರಗ ಹಾಕಸೂದು ಅದರ ಉದ್ದೇಶ. ಆದ್ರ ಕರಕೊಂಡು ಬಂದು ತೋರಿಸಿದ್ರ ಅಂವ ನೆಟ್ಟಗ ಕುಂತು ಓದಾಕತ್ತಿದ್ದ. ಕಣ್ಣಿಲೆ ನೋಡದನ, 'ಕುಡಿದು ಬಿದ್ದಾರ' ಅಂತ ಸಾಹೇಬರಿಗೆ ಮೊದಲ ಹೇಳಿದಂವ ಯಾರು?"

ಎಲ್ಲರೂ ಮೈಲಾರಲಿಂಗಪ್ಪನತ್ತ ತಿರುಗಿದರು. ಅವನ ಬಲಗಣ್ಣಿನ ಮೇಲೆ ವಸ್ತ್ರ ಇನ್ನೂ ಇತ್ತು.

"ವಸ್ತ್ರ ತೆಗಿ. ಬಾಗಲದಾಗ ಬಂದು ಬೆಳಕಿನ ಕಡೆ ನೋಡು."

ಅವನು ಅಲುಗಾಡಲಿಲ್ಲ. ಉಳಿವೆಪ್ಪನೇ ಕೈ ಹಿಡಿದು ಬಾಗಿಲಿಗೆ ತಂದ. ಬಿಸಿಲು ಮುಖಕ್ಕೆ ಬಿದ್ದಾಗ ಅವನ ಎಡಗಣ್ಣಿನ ಪಾಪೆ ಸಾಸಿವೆಯಷ್ಟು ಸಣ್ಣದಾಯಿತು. ಬಲಗಣ್ಣಿನದು ಹಿಗ್ಗಿದಂತೆಯೇ ನಿಂತಿತ್ತು.

"ಕಸ ಬಿದ್ರ ಕಣ್ಣು ಕೆಂಪಾಗತೈತಿ, ಪಾಪೆ ಹಿಂಗ ಹಿಗ್ಗಂಗಿಲ್ಲ" ಎಂದ ಉಳಿವೆಪ್ಪ. "ಮದಗುಣಿಕಿ ಕುಟ್ಟಿದ ಕೈಲೆ ಕಣ್ಣು ತಿಕ್ಕೊಂಡಾನ್ರಿ. ಚೌಡಪ್ಪನ ಬಾಯಿ ಹುಣ್ಣು ಇವಗ ಗೊತ್ತಿರಲಿಲ್ಲ. ತನ್ನ ಅಣ್ಣ ಅಲ್ಲಿ ಉಣ್ಣತಾನ ಅನ್ನೂದಂತೂ ಕನಸಿನ್ಯಾಗೂ ಗೊತ್ತಿರಲಿಲ್ಲ."

ಮೈಲಾರಲಿಂಗಪ್ಪ ಅಲ್ಲೇ ಕುಸಿದ. "ದೊಡ್ಡಪ್ಪ, ಅಣ್ಣಗ ಅಂತ ಹಾಕಿಲ್ಲೋ! ಅವನ ಆಣಿ! ಆ ಚೌಡ್ಯಾ ನಮ್ಮ ಸಾಲಿನ್ಯಾಗ ಬಂದು ಕುಂದರಬಾರದು ಅಂತ ಹಾಕಿದೆ" ಎಂದು ನೆಲಕ್ಕೆ ಹಣೆ ಚಚ್ಚಿಕೊಂಡು ಅತ್ತ.

ಗಂಟು ಪೂರ್ತಿ ಬಿಚ್ಚಿತ್ತು. ಉಳಿವೆಪ್ಪನ ಮುಖದಲ್ಲಿ ನನಗೆ ಪರಿಚಿತವಾದ ಆ ಕಳೆ ಬಂದಿತ್ತು. ಈಗ ಯಾರಾದರೂ ಚೌಡಪ್ಪನನ್ನು ಒಳಗೆ ಕರೆಯುತ್ತಾರೆ ಎಂದು ನಾನು ಕಾದೆ.

ಗೌಡರು ಅಳುವವನ ಕಡೆ ನೋಡಲೂ ಇಲ್ಲ. ಮಂಚದ ಕಡೆ ತಿರುಗಿ, "ಗುದ್ಲಿ, ನೀ ಇವನ ಖೋಲ್ಯಾಗ ಉಂಡೀಯೇನು?" ಎಂದರು. ದನಿ ಮೆತ್ತಗಿತ್ತು.

ಗುದ್ಲೆಪ್ಪ ಹೊಸ್ತಿಲ ಕಡೆ ನೋಡಿದ. ಅವನಿಗೆ ತರ್ಕಶಾಸ್ತ್ರ ಹೇಳಿಕೊಡುತ್ತಿದ್ದವನು ಚೌಡಪ್ಪ ಎಂಬುದು ನಮಗೆ ಆಮೇಲೆ ತಿಳಿಯಿತು. ವರ್ಷವಿಡೀ ಗುದ್ಲೆಪ್ಪ, ಎಲ್ಲರೂ ಅಡ್ಡಾದ ಹೊತ್ತಿನಲ್ಲಿ ಹೋಗಿ ಒಂದೇ ಗಂಗಾಳದಲ್ಲಿ ಉಂಡು ಬರುತ್ತಿದ್ದನಂತೆ. ಚೌಡಪ್ಪನೂ ಅವನನ್ನು ನೋಡಿದ. ಆ ನೋಟದಲ್ಲಿ ಬೇಡಿಕೆ ಇರಲಿಲ್ಲ. ಕಾಲಿನ ನೋವು ಹೇಗಿದೆ ಎಂದು ಕೇಳುವಂತಿತ್ತು.

"ಇಲ್ಲಪ್ಪ. ನಾ ಆ ಖೋಲಿ ಹೊಸ್ತಿಲಾನೂ ತುಳದಿಲ್ಲ" ಎಂದ ಗುದ್ಲೆಪ್ಪ.

"ಗುದ್ಲೆಪ್ಪ, ನಿನ್ನ ಉಗುರಿನ್ಯಾಗ..." ಎಂದು ಉಳಿವೆಪ್ಪ ಬಾಯಿ ತೆಗೆದ.

ಗೌಡರು ಎದ್ದು ನಿಂತರು. "ಸಾಕು. ನನ್ನ ಮಗ ಉಂಡಿಲ್ಲ ಅಂದ. ಉಂಡಿಲ್ಲ ಅಂದಮ್ಯಾಲೆ ವಿಷ ಎಲ್ಲಿಂದ ಬಂತು? ಮಾಳಿಗಿ ಮ್ಯಾಲೆ ಬಿಸಲಾಗ ತಲಿ ತಿರುಗಿ ಬಿದ್ದಾನ. ಈ ಹುಡುಗ ಅಣ್ಣನ ಸಂಕಟಕ್ಕ ಏನೇನರ ಬಡಬಡಸಾಕತ್ತಾನ. ಏನಂತೀರಿ ಸಾಹೇಬ್ರ?"

ರೆಕ್ಟರರು ಗುದ್ಲೆಪ್ಪನನ್ನು ನೋಡಿದರು, ನೆಲದ ಮೇಲಿದ್ದ ಮೈಲಾರಲಿಂಗಪ್ಪನನ್ನು ನೋಡಿದರು. "ಹೌದ್ರಿ ಗೌಡ್ರ, ಬಿಸಲು ಭಾಳ ಐತಿ" ಎಂದರು.

ಅಲ್ಲಿದ್ದ ಒಬ್ಬರೂ ಗೌಡರ ಮಾತನ್ನು ನಂಬಲಿಲ್ಲ, ಒಬ್ಬರೂ ಅಲ್ಲಗಳೆಯಲೂ ಇಲ್ಲ. ಅವರಲ್ಲಿ ನಾನೂ ಒಬ್ಬ. ಸಂಜೆಯೊಳಗೆ ಗೌಡರು ಇಬ್ಬರು ಹುಡುಗರನ್ನೂ ಗಾಡಿಯಲ್ಲಿ ಕರೆದೊಯ್ದರು. ಮೈಲಾರಲಿಂಗಪ್ಪ ಅಣ್ಣನ ಕಾಲಿಗೆ ಏಟಾಗದಂತೆ ದಿಂಬು ಹಿಡಿದು ಕುಳಿತಿದ್ದ.

ಚೌಡಪ್ಪ ಮಾರನೆಯ ದಿನ ಬೋರ್ಡಿಂಗು ಬಿಟ್ಟ. ಯಾರೂ ಹೋಗು ಎಂದಿರಲಿಲ್ಲ. ಬಸ್ಸು ನಿಲ್ಲುವಲ್ಲಿಗೆ ಅವನ ಟ್ರಂಕನ್ನು ಹೊತ್ತು ತಂದವರು ನಾವಿಬ್ಬರೇ. ಪುಣೆಯ ಕಡೆ ಹೋಗುವ ಲಾರಿಗಳು ಧೂಳೆಬ್ಬಿಸುತ್ತ ಹಾಯುತ್ತಿದ್ದವು.

"ಹೋಗಬ್ಯಾಡೋ ಚೌಡಪ್ಪ. ಠರಾವು ಆಗೈತಿ. ಬರೂ ತಿಂಗಳ ಒಳಗ ಕುಂತು ಉಣ್ಣತಿ. ನಿಂದೇನೂ ತಪ್ಪಿಲ್ಲ ಅಂತ ಎಲ್ಲಾರ ಮುಂದ ಸಾಬೀತಾತಲ್ಲ" ಎಂದ ಉಳಿವೆಪ್ಪ.

"ಸಾಬೀತಾತ್ರಿ" ಎಂದ ಚೌಡಪ್ಪ. ಹುಣ್ಣು ಇನ್ನೂ ಮಾಯದ ಬಾಯಿಂದ ಮಾತು ನಿಧಾನವಾಗಿ ಬರುತ್ತಿತ್ತು. "ಅವರೆಲ್ಲಾ ನನ್ನ ಮ್ಯಾಲೆ ಬಂದಾಗೂ ಗುದ್ಲೆಪ್ಪನ ಹೆಸರು ನಾ ಹೇಳಿರಲಿಲ್ರಿ ಅಣ್ಣಾರ. ಅವರಪ್ಪಗ ತಿಳದ್ರ ಅಂವ ನನ್ನ ಕಡೆ ಮತ್ತ ಬರಾಂಗಿಲ್ಲ ಅಂತ ಗೊತ್ತಿತ್ತು. ಈ ಊರಾಗ ನನ್ನ ಜೋಡಿ ಕುಂತು ಉಣ್ಣಾಂವ ಅಂವ ಒಬ್ಬನ ಇದ್ದ. ನೀವ್ಯಾಕ ಎಲ್ಲಾರ ಮುಂದ ಹೇಳಿದ್ರಿ?"

ಉಳಿವೆಪ್ಪ ಅವನ ಟ್ರಂಕಿನ ಹಿಡಿಕೆಯನ್ನು ಹಿಡಿದುಕೊಂಡೇ ನಿಂತಿದ್ದ. ಬಸ್ಸು ಬಂತು. ಟ್ರಂಕನ್ನು ಮೇಲೆ ಹಾಕಲು ಕಂಡಕ್ಟರ್ ಎರಡು ಸಲ ಕೂಗಿದ ಮೇಲೆ ಉಳಿವೆಪ್ಪ ಹಿಡಿಕೆ ಬಿಟ್ಟ.