ಲಕ್ಷದ ಮೂರು ಕಲ್ಲುಗಳು

ಗಿಳಿಗಳು ಇನ್ನೂ ಮನುಷ್ಯರ ಮಾತು ಮರೆಯದಿದ್ದ ಕಾಲದಲ್ಲಿ, ಏಳು ಬೆಟ್ಟಗಳಾಚೆ ಸಿರಿವಳ್ಳಿ ಎಂಬ ರಾಜ್ಯವಿತ್ತು. ಅಲ್ಲಿಯವರು ಊಟಕ್ಕೆ ಸಾಲಾಗಿಯೇ ಕೂರಬೇಕು. ಒಂಟಿ ಎಲೆ ಹಾಕಿದರೆ ಮಹಾ ಅಪಶಕುನ. ಒಬ್ಬ ಮಿಕ್ಕರೆ ದಾರಿಹೋಕನನ್ನಾದರೂ ಕರೆದು ಪಕ್ಕಕ್ಕೆ ಕೂರಿಸುತ್ತಿದ್ದರು, ಅಂಥ ಜನ!

ಅರಮನೆಯಲ್ಲಿ ಎಲೆ ಹಾಕಿ ಬಡಿಸುವವಳು ಚೆನ್ನಾಜಿ. ಎಷ್ಟು ಜನಕ್ಕೆ ಎಷ್ಟು ಸಾಲು ಎಂಬ ಲೆಕ್ಕ ಅವಳ ನಾಲಿಗೆಯ ತುದಿಯಲ್ಲಿತ್ತು. ಗಂಡ ಸೋಮಯ್ಯ ಅಲ್ಲೇ ಅಡುಗೆಯವನು.

ಒಂದು ದಿನ ಅವಳು ಎಲೆ ಕೊಯ್ಯಲು ಕಾಡಿಗೆ ಹೋಗಿದ್ದಾಗ ಕರಾಳನೆಂಬ ಮಾಂತ್ರಿಕ ಬಂದು ಊರಿಗೆ ಊರನ್ನೇ ಕಲ್ಲು ಮಾಡಿಬಿಟ್ಟ. ಬಂದು ನೋಡಿದರೆ ರಾಜ ಕಲ್ಲು, ರಾಣಿ ಕಲ್ಲು, ಗಂಡನೂ ಕಲ್ಲು. ಮಾಂತ್ರಿಕ ಅಲ್ಲೇ ಕಾದು ನಿಂತಿದ್ದ.

"ಇಲ್ಲಿರುವುದು ಒಂದು ಲಕ್ಷದ ಮೂರು ಕಲ್ಲು," ಎಂದ ಕರಾಳ. "ಸಾಲಿಗೆ ಎಷ್ಟೆಂದು ಹೇಳು, ಅವೇ ನಡೆದು ನಿಲ್ಲುತ್ತವೆ. ಒಂದೂ ಮಿಗದಿದ್ದರೆ ಎಲ್ಲರಿಗೂ ಜೀವ. ಮೂರು ಸಲ ತಪ್ಪಿದರೆ ಎಲ್ಲರೂ ಮರಳು. ಎಲ್ಲರನ್ನೂ ಒಂದೇ ಸಾಲಲ್ಲಿ ನಿಲ್ಲಿಸುವ ಹಾಗಿಲ್ಲ, ತಿಳಿಯಿತೇ?"

"ಇಷ್ಟೇನಾ! ಸಾಲಿಗೆ ಇಬ್ಬರು!"

ಕಲ್ಲುಗಳು ದಡದಡನೆ ನಡೆದವು. ಒಬ್ಬ ಮಿಕ್ಕ. ಅವನು ಸೋಮಯ್ಯ.

"ಸಾಲಿಗೆ ಮೂವರು!"

ಮತ್ತೆ ದಡದಡ. ಮತ್ತೆ ಮಿಕ್ಕವನು ಸೋಮಯ್ಯನೇ.

ಕರಾಳ ಹಲ್ಲು ಕಿರಿದ. "ಏಳು ಒಳ್ಳೆಯ ಸಂಖ್ಯೆಯಮ್ಮಾ, ಏಳು ಅಂದುಬಿಡು."

"ತಾಳಯ್ಯ, ನಿನಗ್ಯಾಕೆ ಅವಸರ?" ಎಂದವಳೇ ಚೆನ್ನಾಜಿ ಕಡ್ಡಿ ಹಿಡಿದು ಮಣ್ಣಿನ ಮೇಲೆ ಭಾಗಿಸತೊಡಗಿದಳು. ಏಳರಿಂದ ಭಾಗಿಸಿದರೂ ಒಂದು ಮಿಕ್ಕಿತು. ಹನ್ನೊಂದರಿಂದ ಎರಡು, ಹದಿಮೂರರಿಂದ ಏಳು. ಮೂರು ದಿನ ಕೂತು ಮುನ್ನೂರ ಹದಿನಾರರವರೆಗೆ ನೋಡಿದಳು. ಯಾವುದೂ ಸರಿಹೋಗಲಿಲ್ಲ. ಅಲ್ಲಿಗೆ ಕಡ್ಡಿ ಎಸೆದಳು. ಮುನ್ನೂರ ಹದಿನೇಳನ್ನು ಅಷ್ಟೇ ಸಲ ಕೂಡಿದರೆ ಲಕ್ಷದ ಮೂರನ್ನೇ ದಾಟುತ್ತದೆ. ಇನ್ನೂ ದೊಡ್ಡದೊಂದು ಸರಿಹೋಗುವುದಾದರೆ ಅದರೊಂದಿಗೆ ಗುಣಿಸುವ ಚಿಕ್ಕ ಸಂಖ್ಯೆ ಮೊದಲೇ ಸಿಗಬೇಕಿತ್ತಲ್ಲ!

"ಎಲಾ ಇದರ! ಯಾರಿಗೂ ಬಗ್ಗದ ಸಂಖ್ಯೆ ಇದು," ಎಂದುಕೊಂಡಳು. ಉಳಿದದ್ದು ಒಂದೇ ದಾರಿ. ಈ ರಾಜ್ಯದಲ್ಲಿ ಹುಟ್ಟಿದವರು ಯಾರೂ ಬಾಯಲ್ಲಿ ಆಡದ ದಾರಿ. ಆದರೆ ಶಾಸ್ತ್ರ ದೊಡ್ಡದೋ, ಗಂಡನ ಜೀವ ದೊಡ್ಡದೋ? ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕೂಗಿದಳು:

"ಸಾಲಿಗೆ ಒಬ್ಬರು!"

ಕರಾಳನ ಮುಖ ಸುಟ್ಟ ಬದನೆಕಾಯಿಯಂತಾಯಿತು. ಕಲ್ಲುಗಳು ನಡೆದವು. ಸಾಲುಗಳು ಒಂದು ಲಕ್ಷದ ಮೂರು, ಮಿಕ್ಕವರು ಯಾರೂ ಇಲ್ಲ. ಕಲ್ಲೆಲ್ಲ ಚಟಚಟನೆ ಬಿರಿದು ಜನ ಉಸಿರೆಳೆದರು. ಕರಾಳ ತಾನೇ ಮರಳಾಗಿ ಗಾಳಿಗೆ ಹಾರಿಹೋದ.

ಸೋಮಯ್ಯ ಕಣ್ಣುಜ್ಜಿಕೊಂಡು, "ಏನೇ ಇದು, ಮುಖ ಇಷ್ಟು ಬಾಡಿದೆ?" ಎಂದ.

ಮೂರು ದಿನ ಒಂದು ಹನಿ ಕಣ್ಣೀರು ಹಾಕದವಳು ಅವನ ಎದೆಗೊರಗಿ ಗೊಳೋ ಎಂದು ಅತ್ತಳು. "ಇನ್ನೊಂದು ಸಲ ನನ್ನ ಬಿಟ್ಟು ಕಲ್ಲಾಗಿ ನೋಡಿ, ಆಗ ಹೇಳ್ತೀನಿ!" ಎಂದಳು.

ಅವನು ಮತ್ತೆಂದೂ ಆಗಲಿಲ್ಲ. ಅವರಿಬ್ಬರೂ, ಆ ಲಕ್ಷ ಜನವೂ ನೂರು ಕಾಲ ಉಂಡುಟ್ಟು ನಗುನಗುತ್ತ ಬಾಳಿದರು.