ಪಕ್ಕದ ಕೋಣೆಯ ಸೆಲೊಸಿಯಾ

ಅವಳ ಹೆಸರು ನನಗೆ ಗೊತ್ತಾದದ್ದು ಗೋಡೆಯ ಮೂಲಕ. ಗೋಡೆ ಎಂದರೆ ಗೋಡೆಯೂ ಅಲ್ಲ. ಒಂದು ದೊಡ್ಡ ಕೋಣೆಯನ್ನು ಎರಡು ಮಾಡಲು ಕಾಲೇಜಿನವರು ನಿಲ್ಲಿಸಿದ ಮರದ ಜಾಲರಿ. ಈಚೆ ಗಣಿತ, ಅಂದರೆ ನಾನು. ಆಚೆ ಸ್ಪ್ಯಾನಿಷ್, ಅಂದರೆ ಅವನು. ಸ್ಟಾಫ್ ರೂಮಿನಲ್ಲಿ ನಮಗೆ ಬೇರೆ ಹೆಸರೇ ಇಲ್ಲ.

"ಸೆಲೊಸಿಯಾ," ಎಂದ ಅವನು, ಬಾಯಲ್ಲಿ ಕಲ್ಲುಸಕ್ಕರೆ ಇಟ್ಟುಕೊಂಡವನ ಹಾಗೆ. ಅತಿಥಿ ಪ್ರೊಫೆಸರಮ್ಮ ಕಿಲಕಿಲ ನಕ್ಕಳು. ಅವರ ಸ್ಪ್ಯಾನಿಷ್ ಮಾತಿನಲ್ಲಿ ನನ್ನ ಕಿವಿಗೆ ಸಿಕ್ಕಿದ್ದು ಆ ಒಂದು ಪದ.

ಅವನ ಪುಸ್ತಕ ಓದಿ ಮೆಚ್ಚಿ, ತನ್ನ ದೇಶದ ವಿಶ್ವವಿದ್ಯಾಲಯಕ್ಕೆ ಪ್ರೊಫೆಸರಾಗಿ ಬಾ ಎಂದು ಕರೆಯಲು ಬಂದವಳು. ಇಲ್ಲಿ ಅವನು ವರ್ಷವರ್ಷವೂ ಹೊಸ ಮಕ್ಕಳಿಗೆ ಅದೇ ಕ್ರಿಯಾಪದ ತಿದ್ದಿಸುವ ತಾತ್ಕಾಲಿಕ ಲೆಕ್ಚರರ್. ಹೋಗಬೇಡ ಎನ್ನಲು ನಾನು ಯಾರು?

ಅಜ್ಜಿಯ ಕಥೆಯಲ್ಲಿ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಣಿಯಲ್ಲಿ ಇರುತ್ತಿತ್ತು. ನನ್ನದು ಒಂದು ಜಾಲರಿಯಾಚೆ ಇತ್ತು. ಈಗ ಆ ಗಿಣಿಗೆ ಸಮುದ್ರ ದಾಟುವ ಟಿಕೆಟ್.

ಅವಳು ಹೊರಟ ಮೇಲೆ ಜಾಲರಿಯ ಕಂಡಿಯಲ್ಲಿ ಅವನ ಒಂದು ಕಣ್ಣು ಕಾಣಿಸಿತು.

"ಏನ್ರೀ ಗಣಿತ, ಬೆಳಗ್ಗಿಂದ ಡಸ್ಟರ್ ಕುಟ್ತಾನೇ ಇದೀರ?"

"ಧೂಳು. ನಿಮ್ಮ ಸೆಲೊಸಿಯಾ ಹೊರಟ್ರಾ?"

"ಯಾರು?"

"ಅದೇ, ಮುದ್ದು ಹೆಸರಿಟ್ಟು ಕರೀತಿದ್ರಲ್ಲ, ದಿನಕ್ಕೆ ನೂರು ಸಲ."

ಕಣ್ಣು ಅಗಲವಾಯಿತು. ಆಮೇಲೆ ಅದರ ಅಂಚಿನಲ್ಲಿ ಗೆರೆಗಳು ಮೂಡಿದವು. ಅವನಿಗೆ ನಗು ತುಟಿಗಿಂತ ಮೊದಲು ಅಲ್ಲಿಗೇ ಬರುತ್ತದೆ.

"ಸೆಲೊಸಿಯಾ ಅಂದ್ರೆ ಇದು ಕಣ್ರೀ," ಎಂದು ಜಾಲರಿ ತಟ್ಟಿದ. "ನನ್ನ ಹೊಸ ಪ್ರಬಂಧ ಇದರ ಮೇಲೇ. ಹಳೇ ನಾಟಕಗಳಲ್ಲಿ ಹೆಂಗಸರು ಇದರ ಹಿಂದೆ ನಿಂತು ಬೀದಿ ನೋಡ್ತಿದ್ರು. ಪದ ಹುಟ್ಟಿದ್ದು ಸೆಲೋಸ್ ಅನ್ನೋದ್ರಿಂದ."

"ಹಾಗಂದ್ರೆ?"

"ಹೊಟ್ಟೆಕಿಚ್ಚು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ನಾನು ಮೆಲ್ಲಗೆ ಡಸ್ಟರ್ ಕೆಳಗಿಟ್ಟೆ. ಕಿವಿ ಬಿಸಿಯಾಗಿತ್ತು.

"ವ್ಯಾಕರಣಾನೂ ಕೇಳಿ. ಆ ಅರ್ಥಕ್ಕೆ ಅದು ಯಾವಾಗ್ಲೂ ಬಹುವಚನ. ಒಬ್ಬರಿಗೇ ಆಗೋದಲ್ಲ."

"ನಿಮಗ್ಯಾಕಪ್ಪ ಹೊಟ್ಟೆಕಿಚ್ಚು?"

"ಫಿಸಿಕ್ಸು ದಿನಾ ಟೀ ಹಿಡ್ಕೊಂಡು ನಿಮ್ಮ ಮೇಜಿಗೆ ಬರ್ತಾನಲ್ಲ. ಸಕ್ಕರೆ ಬೇರೆ ಕಲಕಿಕೊಡ್ತಾನೆ. ಕಂಡಿ ನನಗೂ ಇದೆ."

ಬಾಯಿ ತೆರೆದರೆ ನಗು ಬರುತ್ತಿತ್ತು, ಇಲ್ಲವೇ ಅಳು.

"ನಾಳೆ ಆಕೆಗೆ ಉತ್ತರ ಹೇಳ್ಬೇಕು," ಎಂದ ದನಿ ಇಳಿಸಿ. "ಅಲ್ಲಿ ಗಣಿತಕ್ಕೂ ಜಾಗ ಖಾಲಿ ಇದ್ಯಾ ಅಂತ ಕೇಳ್ತಾನೇ ಇದ್ದೆ. ಅದಕ್ಕೇ ಆಕೆ ನಗ್ತಿದ್ದದ್ದು. ಇದೆಯಂತೆ. ನನ್ನ ಪಕ್ಕದ ಕೋಣೇನೇ. ಅರ್ಜಿ ಹಾಕ್ತೀರಾ?"

"ಮಧ್ಯೆ ಜಾಲರಿ ಇದ್ಯಾ?"

"ಇಲ್ವಂತೆ. ಇಟ್ಟಿಗೆ ಗೋಡೆ."

ಅವನ ಬೆರಳ ತುದಿ ಕಂಡಿಯಲ್ಲಿ ಕಾಯುತ್ತಿತ್ತು. ನನ್ನ ಬೆರಳನ್ನು ಅದಕ್ಕೆ ತಾಗಿಸಿದೆ.

"ಕಾಲೇಜಲ್ಲಿ ಗೋಡೆ ಇರ್ಲಿ ಬಿಡಿ," ಎಂದೆ. "ಮನೇಲಿ ಬೇಡ."