ಎರಡನೆಯ ಗುರುತು

"ಅಮ್ಮಾ, ಆ ಫಲಕ ಇಲ್ಲಿ ನೆಡಬೇಡ... ನಿನಗೆ ಕೈ ಮುಗೀತೀನಿ!"

ನಾರ್ಮನ್ ಹೀಗೆ ಗೋಗರೆಯುತ್ತಿದ್ದರೂ ಅವನ ತಾಯಿ ಲಿಯಾಂಟೀನ್ ಸಿರ್ ಸುತ್ತಿಗೆಯನ್ನು ಕೆಳಗಿಡಲಿಲ್ಲ. ಮನೆಯ ಮುಂದಿನ ಹುಲ್ಲಿನಲ್ಲಿ ಆಗಲೇ ಒಂದು ಫಲಕವಿತ್ತು: 'ಸೆನೆಟ್‌ಗೆ ಮಾರ್ನಿ ಸಿರ್'. ಮಾರ್ನಿ ಎಂದರೆ ಲಿಯಾಂಟೀನಳ ಸೊಸೆ, ನಾರ್ಮನ್ನನ ಹೆಂಡತಿ. ಈಗ ಅದರ ಪಕ್ಕದಲ್ಲೇ, ಅದಕ್ಕಿಂತ ಗೇಣುದ್ದ ಎತ್ತರಕ್ಕೆ ಇನ್ನೊಂದು ಏಳುತ್ತಿತ್ತು: 'ಸೆನೆಟ್‌ಗೆ ಆರ್ಮಂಡ್ ಪೆಲ್ಟಿಯೆ'. ಆರ್ಮಂಡ್ ಎಂದರೆ ಲಿಯಾಂಟೀನಳ ಒಡಹುಟ್ಟಿದ ತಮ್ಮ.

"ಯಾಕೆ ನೆಡಬಾರದು? ಅಂಗಳ ನಂದು, ಸುತ್ತಿಗೆ ನಂದು, ತಮ್ಮನೂ ನನ್ನವನೇ," ಎಂದಳು ಮುದುಕಿ. "ನಿನ್ನ ಹೆಂಡ್ತಿ ಫಲಕ ಕಿತ್ತು ಹಾಕಿಲ್ವಲ್ಲ, ಅದಕ್ಕೆ ಸಂತೋಷಪಡು."

ವಾಷಿಂಗ್ಟನ್ನಿನಲ್ಲಿ ಕೂರುತ್ತಿದ್ದ ನಮ್ಮ ಹಳೆಯ ಸೆನೆಟರು ಸಾಕಪ್ಪಾ ಎಂದು ಮೊಮ್ಮಕ್ಕಳ ಜತೆ ಮೀನು ಹಿಡಿಯಲು ಹೊರಟುಬಿಟ್ಟಿದ್ದರು. ಕುರ್ಚಿ ಖಾಲಿ! ಖಾಲಿ ಕುರ್ಚಿ ಕಂಡರೆ ಯಾರಿಗೆ ಕಾಲು ನೋಯುವುದಿಲ್ಲ? ಇಡೀ ಮೇಯ್ನ್ ರಾಜ್ಯದಿಂದ ಕೊನೆಗೆ ಮೂವರು ಕಣದಲ್ಲುಳಿದರು. ದಕ್ಷಿಣದ ಕರಾವಳಿಯ ಸಿರಿವಂತ ಪ್ರೆಸ್ಕಟ್ ಒಬ್ಬ. ಹೊಚ್ಚಹೊಸ ಬೂಟು ಹಾಕಿಕೊಂಡು ನಮ್ಮ ಆಲೂಗೆಡ್ಡೆ ಹೊಲಗಳಿಗೆ ಬಂದು, ಕೆಸರು ತಾಗದ ಹಾಗೆ ಫೋಟೊ ತೆಗೆಸಿಕೊಂಡು ಹೋದವನು. ಶಾಲೆಯ ಬಸ್ಸು ಓಡಿಸುತ್ತಿದ್ದು, ಆಮೇಲೆ ರಾಜ್ಯದ ಶಾಸನಸಭೆಗೆ ಆರಿಸಿಬಂದು ಗಟ್ಟಿಗಿತ್ತಿ ಎನಿಸಿಕೊಂಡ ಮಾರ್ನಿ ಇನ್ನೊಬ್ಬಳು. ಮೂರನೆಯವನು ಹಿಮ ತಳ್ಳುವ ಗಾಡಿಗಳನ್ನು ಮಾರುವ ಆರ್ಮಂಡ್, ಯಾವ ಪಕ್ಷಕ್ಕೂ ಸೇರದವನು. ನದಿಯಂಚಿನ ನಮ್ಮ ಈ ಫ್ರೆಂಚ್ ಮಾತಾಡುವ ಕಣಿವೆಯ ಆಚೆಗೆ ಅವನ ಹೆಸರು ಕೇಳಿದವರೇ ಇರಲಿಲ್ಲ. ಅದು ಅವನೊಬ್ಬನಿಗೆ ಬಿಟ್ಟು ಎಲ್ಲರಿಗೂ ಗೊತ್ತಿತ್ತು.

ಲಿಯಾಂಟೀನಳಿಗೂ ಗೊತ್ತಿತ್ತು. ಆದರೆ ಏನು ಮಾಡಿಯಾಳು? ಸಾಯುವಾಗ ತಾಯಿ, "ಪುಟ್ಟ ಆರ್ಮಂಡ್‌ನ ಕೈ ಬಿಡಬೇಡ ಕಣೇ," ಎಂದು ಮಾತು ತೆಗೆದುಕೊಂಡಿದ್ದಳು. ಆ ಪುಟ್ಟ ಆರ್ಮಂಡ್‌ಗೆ ಈಗ ಎಪ್ಪತ್ತರ ಹತ್ತಿರ. ಮಾತು ಮಾತೇ. ಜತೆಗೆ ಸೊಸೆಯ ಮೇಲೆ ಅವಳಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ದಕ್ಷಿಣದವಳು, ಫ್ರೆಂಚ್ ಬಾರದವಳು! ಇಪ್ಪತ್ತು ವರ್ಷ ಒಂದೇ ಸೂರಿನಡಿ ಇದ್ದರೂ ಅಡುಗೆಮನೆಯ ಒಲೆಯ ಹತ್ತಿರ ಮಾರ್ನಿಯನ್ನು ಸುಳಿಯಗೊಟ್ಟವಳಲ್ಲ. "ನೀನು ಬಸ್ಸು ಬಿಡಮ್ಮ, ಕಾವಲಿ ನನಗಿರಲಿ," ಎನ್ನುವುದು. ಪಾಪ, ಮಾರ್ನಿ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡು ತಟ್ಟೆ ತೊಳೆಯುತ್ತಿದ್ದಳು.

ಎಡವಟ್ಟಾದದ್ದು ಇಗರ್ಜಿಯ ಸಭಾಂಗಣದಲ್ಲಿ, ಶನಿವಾರದ ಊಟದ ದಿನ. ಆಲೂಗೆಡ್ಡೆ ಕಿತ್ತು ಮುಗಿದ ಮೇಲೆ ಊರೆಲ್ಲ ಸೇರಿ ಕೋಳಿ ಸಾರು, ಪ್ಲಾಯ್ ಉಣ್ಣುವ ದಿನ ಅದು. ಪ್ಲಾಯ್ ಎಂದರೆ ಬಕ್‌ವೀಟ್ ಹಿಟ್ಟಿನ ಹಳದಿ ದೋಸೆ. ಒಂದೇ ಮಗ್ಗುಲು ಬೇಯಬೇಕು; ಮೇಲೆ ತುಂಬ ಕಣ್ಣು ಬಿದ್ದು, ಆ ಕಣ್ಣುಗಳಲ್ಲಿ ಬೆಣ್ಣೆ ಇಳಿಯಬೇಕು. ಅದನ್ನು ಮಗುಚಿ ಹಾಕುವವರು ನಮ್ಮ ಕಣಿವೆಯಲ್ಲಿ ಹುಟ್ಟಿಲ್ಲ. ಕುಡಿದವನೂ ಮಗುಚುವುದಿಲ್ಲ.

ಟಿ.ವಿ.ಯ ಹುಡುಗಿಯೊಬ್ಬಳು ನಗುನಗುತ್ತಾ ಸೌಟನ್ನು ಮಾರ್ನಿಯ ಕೈಗಿತ್ತಳು. ಎಲ್ಲರ ಕಣ್ಣೂ ಅವಳ ಮೇಲೆ. ಮಾರ್ನಿ ಹಿಟ್ಟು ಹುಯ್ದಳು, ಚೆನ್ನಾಗಿಯೇ ಹುಯ್ದಳು. ಆಮೇಲೆ ಗಾಬರಿಯಲ್ಲಿ ಏನು ತೋಚಿತೋ, ಸಟ್ಟುಗ ತೂರಿಸಿ ಪ್ಲಾಯನ್ನು ಠಪ್ಪೆಂದು ಮಗುಚಿಬಿಟ್ಟಳು!

ಪಾದ್ರಿಗಳು ಕೂಡ ಚಮಚ ಕೆಳಗಿಟ್ಟರು.

"ಅಯ್ಯೋ ದೇವರೇ... ಮಗುಚಿದಳಲ್ಲೇ!" ಎಂದು ಯಾರೋ ಅಂದರು.

ಆರ್ಮಂಡ್ ಬಿಡುವನೇ? ಬೆಂಚಿನ ಮೇಲೆ ಹತ್ತಿ ನಿಂತ. "ನೋಡಿದ್ರೇನ್ರಪ್ಪಾ! ಪ್ಲಾಯ್ ಮಗುಚಿದವಳು ನಾಳೆ ರಾಜ್ಯಾನೂ ಮಗುಚ್ತಾಳೆ!"

ನಗು ಸಭಾಂಗಣದ ತುಂಬ ಹಬ್ಬಿತು. ಟಿ.ವಿ.ಯ ಹುಡುಗಿ ಮೈಕನ್ನು ಮುಂದೆ ಹಿಡಿದು, "ಈ ಕಣಿವೆಯ ಸೊಸೆ ನೀವು. ಮನೇಲಿ ಅತ್ತೆ ಇದನ್ನ ಕಲಿಸಿಕೊಡಲಿಲ್ವಾ?" ಎಂದು ಕೇಳಿದಳು. ಮೂಲೆಯಲ್ಲಿ ಕೂತಿದ್ದ ಲಿಯಾಂಟೀನ್, ಇನ್ನು ಮುಗಿಯಿತು, ಇವಳು ನಿಜ ಹೇಳಿಬಿಡುತ್ತಾಳೆ, ಇಡೀ ಕಣಿವೆಯ ಮುಂದೆ ನನ್ನ ಮಾನ ಹೋಗುತ್ತದೆ ಎಂದುಕೊಂಡಳು.

ಮಾರ್ನಿಯ ಮುಖ ಕೆಂಪಾಗಿತ್ತು. ಕಣ್ಣಲ್ಲಿ ನೀರಿತ್ತು. ಆದರೂ ನಕ್ಕಳು.

"ಕಲಿಸಿದ್ರಪ್ಪಾ, ಎಷ್ಟೋ ಸಲ ಕಲಿಸಿದ್ರು. ನಮ್ಮತ್ತೆ ಮಾಡೋವಂಥ ಪ್ಲಾಯ್ ಈ ಕಣಿವೇಲೇ ಇಲ್ಲ. ನಾನೇ ದಡ್ಡಿ, ತಲೆಗೆ ಹತ್ತಲಿಲ್ಲ!"

ಸುಳ್ಳು! ಹಸಿ ಹಸಿ ಸುಳ್ಳು! ಲಿಯಾಂಟೀನ್ ತಲೆ ತಗ್ಗಿಸಿದಳು. ತಟ್ಟೆಯಲ್ಲಿದ್ದ ಕೋಳಿ ಸಾರು ಆರಿ ಕೆನೆಗಟ್ಟಿತು, ಅವಳು ಮುಟ್ಟಲಿಲ್ಲ.

ಮರುದಿನ ಬೆಳಿಗ್ಗೆ ಇಗರ್ಜಿಯಿಂದ ಬಂದವಳೇ ಕೋಟು ಕೂಡ ಬಿಚ್ಚದೆ ಅಡುಗೆಮನೆಗೆ ನಡೆದಳು. ಮೇಜಿನ ಮುಂದೆ ಮಾರ್ನಿ ಮುಖ ಮುಚ್ಚಿಕೊಂಡು ಕೂತಿದ್ದಳು. ನಾರ್ಮನ್ ಪಕ್ಕದಲ್ಲಿ ಏನೂ ತೋಚದೆ ನಿಂತಿದ್ದ. ಮಗುಚಿದ ಪ್ಲಾಯ್ ಅಷ್ಟು ಹೊತ್ತಿಗೆ ರಾಜ್ಯದ ಎಲ್ಲ ಫೋನುಗಳಲ್ಲೂ ಓಡಾಡುತ್ತಿತ್ತು.

"ಹಿಂದೆ ಸರೀತಾಳಂತೆ ಅಮ್ಮ," ಎಂದ ನಾರ್ಮನ್.

"ಕಣಿವೆಯವರು ನನಗೆ ಮತ ಹಾಕಲ್ಲ ಅತ್ತೆ," ಎಂದು ಮಾರ್ನಿ ಬಿಕ್ಕಿದಳು. "ನಾನು ಇಲ್ಲಿಯವಳಲ್ಲ ಅಂತ ಮೊದಲೇ ಹೇಳ್ತಿದ್ರು... ಈಗ ಸಾಕ್ಷಿ ಸಿಕ್ತು. ಕಣಿವೆ ಇಲ್ದೆ ನಾನು ಗೆಲ್ಲಲ್ಲ..."

"ಯಾಕೆ ಸುಳ್ಳು ಹೇಳಿದೆ?"

"ಏನು?"

"ನಾನು ಕಲಿಸಿದೆ ಅಂತ ಯಾಕೆ ಹೇಳಿದೆ? ಕಾವಲಿ ಮುಟ್ಟೋಕೂ ಬಿಟ್ಟಿರಲಿಲ್ಲ ನಾನು! ಒಂದು ಮಾತು ನಿಜ ಹೇಳಿದ್ರೆ ನಿನ್ನ ಮೇಲಿದ್ದ ನಗು ನನ್ನ ಮೇಲೆ ಬೀಳ್ತಿತ್ತು!"

"ನಿಮ್ಮ ಊರು ಅತ್ತೆ ಅದು," ಎಂದಳು ಮಾರ್ನಿ, ಮೂಗು ಒರೆಸಿಕೊಳ್ಳುತ್ತಾ. "ನಾನು ಸೋತ್ರೆ ಬಸ್ಸು ಓಡಿಸಿಕೊಂಡಿರ್ತೀನಿ. ನೀವು ಪ್ರತಿ ಭಾನುವಾರ ಅದೇ ಜನರ ಮಧ್ಯೆ ಕೂರಬೇಕಲ್ಲಾ."

ಲಿಯಾಂಟೀನ್ ಕೋಟು ಬಿಚ್ಚಿ ಕುರ್ಚಿಯ ಮೇಲೆಸೆದಳು. ಎಂಥ ಪಾಪಿ ನಾನು! ಬಂಗಾರದಂಥ ಹುಡುಗಿಯನ್ನು ಇಷ್ಟು ವರ್ಷ ತಟ್ಟೆ ತೊಳೆಯಲು ಹಚ್ಚಿದೆನಲ್ಲಾ...! ಒಳಗಿಂದ ಅಳು ಉಕ್ಕಿ ಬಂತು. ಆದರೆ ಅವಳು ಅಳುವ ಜಾತಿಯಲ್ಲ. ಸರ್ರನೆ ಹೋಗಿ ಕಾವಲಿಯನ್ನು ಒಲೆಯ ಮೇಲಿಟ್ಟಳು.

"ಏಳೇ ಮೇಲೆ! ಹಿಂದೆ ಸರೀತಾಳಂತೆ! ಸಟ್ಟುಗ ಮುಟ್ಟಬೇಡ. ಕೈ ಹಿಂದೆ ಕಟ್ಕೋ. ಹೀಗೆ ಹುಯ್ಯಿ... ಈಗ ಸುಮ್ನೆ ನಿಲ್ಲು. ಸುಮ್ನೆ ನಿಲ್ಲೋದೇ ಕಷ್ಟ ಕಣೇ!"

ಆ ಬೆಳಿಗ್ಗೆ ಮೂವರೂ ಹೊಟ್ಟೆ ಬಿರಿಯ ತಿಂದರು.

ಇನ್ನು ಚುನಾವಣೆಯ ಲೆಕ್ಕಾಚಾರ. ನಮ್ಮ ಮತಪತ್ರದಲ್ಲಿ ಒಬ್ಬರಿಗೇ ಗುರುತು ಹಾಕಿ ಬರಬೇಕೆಂದಿಲ್ಲ. ಮೊದಲನೆಯ ಗುರುತು ಇಂಥವರಿಗೆ, ಅವರಾಗದಿದ್ದರೆ ಎರಡನೆಯದು ಇಂಥವರಿಗೆ ಎಂದು ಸಾಲಾಗಿ ಹಾಕಬಹುದು. ಯಾರಿಗೂ ಅರ್ಧಕ್ಕಿಂತ ಹೆಚ್ಚು ಬರದಿದ್ದರೆ ಕೊನೆಯವನನ್ನು ಕೈಬಿಟ್ಟು, ಅವನ ಮತಗಳನ್ನು ಎರಡನೆಯ ಗುರುತಿನವರಿಗೆ ಹಂಚುತ್ತಾರೆ. ಆದರೆ ನಮ್ಮ ಕಣಿವೆಯವರ ಹಟ ಕೇಳಬೇಡಿ. ನಮ್ಮವನಿಗೆ ಒಂದು ಹಾಕಿದೆವು, ಬೇರೆಯವರ ಗೊಡವೆ ನಮಗ್ಯಾಕೆ ಎಂದು ಎರಡನೆಯದನ್ನು ಖಾಲಿ ಬಿಟ್ಟು ಬರುತ್ತಾರೆ. ಹಾಗೆ ಖಾಲಿ ಬಿಟ್ಟರೆ ಆರ್ಮಂಡನ ಜತೆ ಆ ಮತಗಳೂ ಕಳೆದುಹೋಗಿ ಪ್ರೆಸ್ಕಟ್ ಗೆದ್ದಂತೆಯೇ.

ಲಿಯಾಂಟೀನ್ ಮನೆಮನೆಗೆ ಹೊರಟಳು. ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಬಟ್ಟೆ ಮುಚ್ಚಿದ ಬಿಸಿ ಪ್ಲಾಯ್‌ಗಳ ತಟ್ಟೆ. "ತಿಂದು ನೋಡಿ, ನನ್ನ ಸೊಸೆ ಮಾಡಿದ್ದು. ಆವತ್ತು ಅವಳು ಹೇಳಿದ್ದು ಸುಳ್ಳು. ನಾನು ಕಲಿಸೇ ಇರಲಿಲ್ಲ. ತಪ್ಪು ನಂದು. ಮೊದಲನೇ ಗುರುತು ನನ್ನ ತಮ್ಮನಿಗೆ ಹಾಕಿ, ಬೇಡ ಅನ್ನಲ್ಲ. ಎರಡನೇದು ಮಾತ್ರ ಖಾಲಿ ಬಿಡಬೇಡಿ, ನನ್ನ ಸೊಸೆಗೆ ಹಾಕಿ."

ಸುದ್ದಿ ಮುಟ್ಟಿದ ಕೂಡಲೇ ಆರ್ಮಂಡ್ ಗುಡುಗುತ್ತಾ ಬಂದ.

"ಅಂದ್ರೆ ನಾನು ಸೋಲ್ತೀನಿ ಅಂತ ಊರಿಗೆಲ್ಲಾ ಸಾರಿ ಬಂದ್ಯಾ ಅಕ್ಕಾ?"

"ಸೋಲ್ತೀಯ ಅನ್ನಲಿಲ್ಲ ಕಣೋ. ಸೋತ್ರೆ ಅಂದೆ."

"ಅಮ್ಮನಿಗೆ ಕೊಟ್ಟ ಮಾತು ಮರೆತ್ಯಾ?"

"ಮರೆತಿಲ್ಲ! ನನ್ನ ಮೊದಲನೇ ಗುರುತು ನಿನಗೇ! ಅಮ್ಮ ನಿನ್ನ ಕೈ ಬಿಡಬೇಡ ಅಂದ್ಳು, ಸರಿ. ಸೊಸೆ ಕೈ ಹಿಡೀಬೇಡ ಅಂದ್ಳಾ?"

"ಇನ್ನು ಈ ಮನೆ ಹೊಸ್ತಿಲು ತುಳಿದ್ರೆ ಕೇಳು!" ಎಂದು ಆರ್ಮಂಡ್ ಬಾಗಿಲು ದಡಾರನೆ ಎಳೆದುಕೊಂಡು ಹೋದ. ಲಿಯಾಂಟೀನಳಿಗೆ ಅತ್ತ ದರಿ, ಇತ್ತ ಪುಲಿ! ತಾನೇ ಎತ್ತಿ ಆಡಿಸಿದ ತಮ್ಮ... ಆವತ್ತು ಮಾತ್ರ ಅವಳು ಅತ್ತಳು. ಅತ್ತು ಮುಗಿಸಿ, ಮತ್ತೆ ತಟ್ಟೆ ಎತ್ತಿಕೊಂಡು ಹೊರಟಳು.

ಚುನಾವಣೆ ಮುಗಿಯಿತು. ಯಾರ ಮತಗಳೂ ಅರ್ಧ ದಾಟಲಿಲ್ಲ. ಮತಪತ್ರಗಳೆಲ್ಲ ಲಾರಿಗಳಲ್ಲಿ ರಾಜಧಾನಿ ಆಗಸ್ಟಾ ಸೇರಿದವು. ಎರಡನೆಯ ಸುತ್ತಿನ ಎಣಿಕೆಯ ಮಧ್ಯಾಹ್ನ ಸಿರ್ ಕುಟುಂಬ ಅಡುಗೆಮನೆಯಲ್ಲಿ ಕಂಪ್ಯೂಟರಿನ ಮುಂದೆ ಉಸಿರು ಬಿಗಿಹಿಡಿದು ಕೂತಿತ್ತು. ಅಷ್ಟರಲ್ಲಿ ಬಾಗಿಲು ತೆರೆಯಿತು. ಆರ್ಮಂಡ್!

"ಸೋಲನ್ನ ಒಬ್ಬನೇ ಕೂತು ನೋಡೋಕಾಗಲ್ಲ, ಅದಕ್ಕೆ ಬಂದೆ," ಎಂದ, ಯಾರ ಮುಖವನ್ನೂ ನೋಡದೆ. "ನಿನ್ನ ಹತ್ರ ಮಾತಾಡೋಕಲ್ಲ ಅಕ್ಕಾ."

"ಮಾತಾಡಬೇಡ. ಕೂತ್ಕೋ," ಎಂದಳು ಅಕ್ಕ.

ಪ್ರೆಸ್ಕಟ್ ಮುಂದಿದ್ದ, ಮಾರ್ನಿ ಹಿಂದಿದ್ದಳು. ಮೂರನೆಯವನಾದ ಆರ್ಮಂಡನ ಹೆಸರು ಪರದೆಯಿಂದ ಅಳಿಯಿತು. ಅವನು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಲಿಯಾಂಟೀನ್ ಅವನ ಬೆನ್ನ ಮೇಲೆ ಕೈಯಿಟ್ಟಳು. ಆಮೇಲೆ ಅಂಕಿಗಳು ಓಡತೊಡಗಿದವು. ಮಾರ್ನಿಯ ಹೆಸರಿನ ಗೆರೆ ಬೆಳೆಯಿತು, ಬೆಳೆಯಿತು... ಪ್ರೆಸ್ಕಟ್‌ನದನ್ನು ದಾಟಿಯೇಬಿಟ್ಟಿತು!

"ನನ್ನ ಮತ!" ಆರ್ಮಂಡ್ ಕುರ್ಚಿ ಉರುಳಿಸಿ ಎದ್ದ. "ಎಲ್ಲಾ ನನ್ನ ಮತ ಕಣ್ರೋ! ನೋಡಿ, ಗೆಲ್ಲಿಸಿದ್ದು ನಾನು! ಮಾರ್ನಿ, ನೆನಪಿಟ್ಕೋ, ನಾನು ನಿಂತಿದ್ದಕ್ಕೇ ನೀನು ಗೆದ್ದಿದ್ದು!"

"ಖಂಡಿತ ಮಾವ, ನಿಮ್ಮಿಂದಲೇ!" ಎಂದು ಮಾರ್ನಿ ನಗುತ್ತಾ, ಅಳುತ್ತಾ ಅವನನ್ನು ತಬ್ಬಿಕೊಂಡಳು. ನಾರ್ಮನ್ ಅಂಗಳಕ್ಕೆ ಓಡಿ, ಬೀದಿಯಲ್ಲಿ ಹೋಗುತ್ತಿದ್ದ ಗಾಡಿಗಳನ್ನೆಲ್ಲ ತಡೆದು ಸುದ್ದಿ ಹೇಳತೊಡಗಿದ.

ಗದ್ದಲ ತುಸು ತಗ್ಗಿದಾಗ ಲಿಯಾಂಟೀನ್ ಸೊಸೆಯ ಪಕ್ಕಕ್ಕೆ ಬಂದಳು.

"ನಾನೂ ಎರಡನೇ ಗುರುತೇ ಹಾಕಿದ್ದು ನಿನಗೆ. ಮಾತು ಕೊಟ್ಟಿದ್ದೆನಲ್ಲ... ಬೇಜಾರಾ?"

"ಬೇಜಾರಾ? ಇಪ್ಪತ್ತು ವರ್ಷ ನಾನು ನಿಮ್ಮ ಪಟ್ಟೀಲೇ ಇರಲಿಲ್ಲ ಅತ್ತೆ. ಇದು ಬಡ್ತಿ!"

ಮುದುಕಿ ನಕ್ಕಳು.

"ಜನವರಿಗೆ ಹೊರಡ್ತೀಯಲ್ಲ, ವಾಷಿಂಗ್ಟನ್‌ಗೆ?"

"ಹೌದು ಅತ್ತೆ."

"ಇಷ್ಟು ವರ್ಷ ಇವಳು ಯಾವಾಗ ಹೋಗ್ತಾಳಪ್ಪಾ ಅಂತ ಕಾದೆ ಕಣೇ... ಈಗ ಇರು ಅನ್ನೋಣ ಅಂದ್ರೆ, ನಾನೇ ಮನೆಮನೆ ಅಲೆದು ನಿನ್ನನ್ನ ಕಳಿಸಿಬಿಟ್ಟೆನಲ್ಲೇ...!"

ಮಾರ್ನಿ ಅತ್ತೆಯ ಎರಡೂ ಕೈಗಳನ್ನು ಹಿಡಿದು ತನ್ನ ಕೆನ್ನೆಗೊತ್ತಿಕೊಂಡಳು. ಜನವರಿಗೆ ಇನ್ನೂ ಕೆಲವು ವಾರಗಳಿದ್ದವು, ಅವುಗಳಲ್ಲಿ ಒಂದು ದಿನವನ್ನೂ ಹಾಳು ಮಾಡಬಾರದೆಂದು ಇಬ್ಬರೂ ಅವತ್ತೇ ತೀರ್ಮಾನಿಸಿದರು.